ನಿಜ ಅಂದರೆ ಫೋಟೋ ಥರ ಇರಬೇಕಾ?

ಪ್ರಶ್ನೆ: ನಾನು ಪೇಂಟಿಂಗ್ ವಿದ್ಯಾರ್ಥಿ, ಕೊನೆಯ ವರ್ಷ. ನಾನು ಗೇ. ಮನೆಯಲ್ಲಿ ಗೊತ್ತಿಲ್ಲ, ನಾಲ್ಕೈದು ಗೆಳೆಯರಿಗೆ ಮಾತ್ರ ಗೊತ್ತು. ನನ್ನ ಬದುಕನ್ನು ಇದ್ದದ್ದು ಇದ್ದ ಹಾಗೆ ಚಿತ್ರದಲ್ಲಿ ತರಬೇಕು ಅನ್ನೋದು ಆಸೆ. ಗೇ ಆಗಿದ್ದ ಚಿತ್ರಗಾರ ಭೂಪೇನ್ ಖಕ್ಕರ್ ಅವರ ಚಿತ್ರಗಳನ್ನು ನೋಡು ಅಂತ ಹಿರಿಯರೊಬ್ಬರು ಹೇಳಿದರು. ನೋಡಿದೆ. ಕೈಕಾಲಿನ ಅಳತೆಯೇ ಸರಿ ಇಲ್ಲ, ಪರ್‌ಸ್ಪೆಕ್ಟಿವ್ ಇಲ್ಲ, ಅಂದರೆ ಹತ್ತಿರದ್ದು ದೊಡ್ಡದು ದೂರದ್ದು ಚಿಕ್ಕದು ಅನ್ನೋ ಲೆಕ್ಕವೇ ಇಲ್ಲ. ಇದನ್ನು ವಾಸ್ತವವಾದಿ ಚಿತ್ರ ಅಂತ ಹೇಗೆ ಕರೆಯೋದು? ಇನ್ನೊಂದು ಭಯ. ಇಂಥದ್ದನ್ನೇ ಬಿಡಿಸುತ್ತಾ ಹೋದರೆ ‘ಗೇ ಚಿತ್ರಗಾರ’ ಅಂತ ಹಣೆಪಟ್ಟಿ ಬೀಳಲ್ವಾ? ಕಲೆ ಹೋಗಿ ಘೋಷಣೆ ಆಗಿಬಿಡುತ್ತಾ? ನನ್ನದೊಂದು ಸ್ಕೆಚ್ ಜೊತೆಗಿಟ್ಟಿದ್ದೇನೆ, ನೋಡಿ ಹೇಳಿ.

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸ್ಕೆಚ್ಚನ್ನು ಅದಕ್ಕಿಂತ ಜಾಸ್ತಿ ಸಲ ನೋಡಿದೆ. ಒಬ್ಬ ಹುಡುಗ ಮಂಚದ ಅಂಚಿನಲ್ಲಿ ಕೂತಿದ್ದಾನೆ. ಇನ್ನೊಬ್ಬ ನೆಲದ ಮೇಲೆ ಬೆಡ್‌ಶೀಟ್ ಮಡಚಿ ಹಾಸಿಕೊಂಡು ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದಾನೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಅದರ ಬಗ್ಗೆ ಕೊನೆಯಲ್ಲಿ ಮಾತಾಡೋಣ. ಮೊದಲು ಅಳತೆಯ ವಿಷಯ.

ಅಳತೆ ಸರಿ ಇಲ್ಲ ಅಂತ ನೀವು ಹೇಳಿದ್ದು ನಿಜ. ನಾನು ಅದನ್ನು ಅಲ್ಲಗಳೆಯೋದಿಲ್ಲ. ಖಕ್ಕರ್ ಚಿತ್ರಕಲೆಯಲ್ಲಿ ಪದವಿ ಪಡೆದವರಲ್ಲ. 1934ರಲ್ಲಿ ಮುಂಬೈಯಲ್ಲಿ ಹುಟ್ಟಿದರು, ಲೆಕ್ಕಪತ್ರ ಓದಿದರು, ಚಾರ್ಟರ್ಡ್ ಅಕೌಂಟೆಂಟ್ ಆದರು. ಚಿತ್ರಗಾರ ಗೆಳೆಯ ಗುಲಾಮ್ ಮೊಹಮ್ಮದ್ ಶೇಖ್ ಹುರಿದುಂಬಿಸಿದ್ದರಿಂದ 1962ರಲ್ಲಿ ಬರೋಡಾಕ್ಕೆ ಬಂದರು. ಅಲ್ಲಿನ ಎಂ.ಎಸ್. ವಿಶ್ವವಿದ್ಯಾಲಯದ ಫೈನ್ ಆರ್ಟ್ಸ್ ವಿಭಾಗದಲ್ಲಿ ಸೇರಿದ್ದು ಕಲಾವಿಮರ್ಶೆಯ ಕೋರ್ಸಿಗೆ. ಆಮೇಲೂ ಬಹಳ ವರ್ಷ ಅರ್ಧ ದಿನ ಲೆಕ್ಕ ಬರೆಯುವ ಕೆಲಸ, ಉಳಿದ ಹೊತ್ತು ಚಿತ್ರ. ಹೀಗೇ ನಡೆಯಿತು.

ಹಾಗಂತ ‘ಕಲಿತಿಲ್ಲ, ಅದಕ್ಕೆ ಬಂದಿಲ್ಲ’ ಅಂದುಕೊಂಡರೆ ತಪ್ಪಾಗುತ್ತದೆ. ಅವರು ಕಣ್ಣಿಟ್ಟು ನೋಡಿದ್ದು ಬೇರೆ ಥರದ ಚಿತ್ರಗಳನ್ನ. ಬ್ರಿಟಿಷರ ಕಾಲದಲ್ಲಿ ನಮ್ಮ ಕಲಾವಿದರು ಸಾಹೇಬರಿಗಾಗಿ ಬರೆದ ಕಂಪನಿ ಶೈಲಿಯ ಚಿತ್ರಗಳು. ಗೋಡೆಗೆ ಹಾಕುವ ಕ್ಯಾಲೆಂಡರ್ ದೇವರುಗಳು. ರಾಜಸ್ಥಾನದ ನಾಥದ್ವಾರದಲ್ಲಿ ಬಟ್ಟೆಯ ಮೇಲೆ ಬರೆಯುವ ಚಿತ್ರಗಳು. ಇಟಲಿಯ ಸಿಯೆನಾ ಊರಿನ ಹಳೆಯ ಚಿತ್ರಗಾರರು. ಫ್ರಾನ್ಸಿನಲ್ಲಿ ಸುಂಕದ ಕಚೇರಿಯಲ್ಲಿದ್ದುಕೊಂಡು ಚಿತ್ರ ಬರೆದ ಆನ್ರಿ ರೂಸೋ. ಇವರ್‍ಯಾರೂ ಕಣ್ಣಿಗೆ ಕಾಣುವ ಅಳತೆಗೆ ಕಟ್ಟುಬಿದ್ದವರಲ್ಲ. ಒಂದೇ ಚೌಕಟ್ಟಿನಲ್ಲಿ ಹತ್ತು ಕಡೆ ಹತ್ತು ಕೆಲಸ ನಡೆಯುತ್ತಿರುತ್ತದೆ. ಮುಖ್ಯವಾದವರು ದೊಡ್ಡವರಾಗಿ ಕಾಣುತ್ತಾರೆ. ದೂರದಲ್ಲಿರುವ ಕಿಟಕಿಯ ಸರಳು ಕೂಡ ಎಣಿಸುವ ಹಾಗಿರುತ್ತದೆ. ಖಕ್ಕರ್‌ಗೆ ಬೇಕಾಗಿದ್ದುದು ಈ ಭಾಷೆ.

ಈಗ ‘ವಾಸ್ತವವಾದ’ ಅನ್ನೋ ಮಾತಿಗೆ ಬರೋಣ. ನಮ್ಮ ಕ್ಲಾಸುಗಳಲ್ಲಿ ಈ ಪದವನ್ನ ‘ಫೋಟೋ ಥರ ಇದೆ’ ಅನ್ನೋ ಅರ್ಥದಲ್ಲಿ ಬಳಸುತ್ತೇವೆ. ಅದು ಹುಟ್ಟಿದ್ದು ಬೇರೆ ಜಗಳದಲ್ಲಿ. ಫ್ರಾನ್ಸಿನ ಗುಸ್ತಾವ್ ಕೂರ್ಬೆ 1849-50ರಲ್ಲಿ ತನ್ನ ಊರು ಓರ್ನಾನ್‌ನ ಒಂದು ಮಣ್ಣು ಕೊಡುವ ದೃಶ್ಯ ಬರೆದ. ಸುಮಾರು 3 ಮೀಟರ್ ಎತ್ತರ, 6 ಮೀಟರ್‌ಗೂ ಹೆಚ್ಚು ಅಗಲ. ಪ್ಯಾರಿಸ್ಸಿನ ಜನ ಸಿಟ್ಟಾದರು. ಯಾಕೆ? ಕೈಕಾಲು ತಪ್ಪಿದ್ದಕ್ಕಲ್ಲ. ಅಷ್ಟು ದೊಡ್ಡ ಕ್ಯಾನ್ವಾಸ್ ಇರೋದು ರಾಜರಿಗೆ, ದೇವದೂತರಿಗೆ, ಯುದ್ಧಗಳಿಗೆ. ಅಲ್ಲಿ ಹಳ್ಳಿಯ ಸಾಮಾನ್ಯ ಜನರನ್ನು ಸಾಲಾಗಿ ನಿಲ್ಲಿಸಿದ್ದ. 1855ರಲ್ಲಿ ಅವನು ತನ್ನದೇ ಒಂದು ಮಂಟಪ ಕಟ್ಟಿ, ಅದರ ಮೇಲೆ ‘ರಿಯಲಿಸಂ’ ಅಂತ ಬರೆಸಿದ. ಅಂದರೆ ಶುರುವಿನಿಂದಲೂ ವಾಸ್ತವವಾದದ ಪ್ರಶ್ನೆ ಒಂದೇ. ಗೋಡೆಯ ಮೇಲೆ ಜಾಗ ಯಾರಿಗೆ? ಯಾರ ಬದುಕಿಗೆ ಅಷ್ಟು ಬಣ್ಣ, ಅಷ್ಟು ಹೊತ್ತು, ಅಷ್ಟು ಅಗಲದ ಬಟ್ಟೆ ಕೊಡಬಹುದು?

ಈ ಪ್ರಶ್ನೆ ಇಟ್ಟುಕೊಂಡು ಖಕ್ಕರ್ ಅವರ 1970ರ ದಶಕದ ಚಿತ್ರಗಳನ್ನು ನೋಡಿ. 1972ರ ‘ಜನತಾ ವಾಚ್ ರಿಪೇರಿಂಗ್’, ಅದೇ ವರ್ಷದ ‘ಡಿಲಕ್ಸ್ ಟೈಲರ್ಸ್’, 1973ರ ಕ್ಷೌರದಂಗಡಿ. ಆಗ ದೊಡ್ಡ ಚಿತ್ರಗಾರರು ಇಂಥ ಅಂಗಡಿಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಖಕ್ಕರ್ ಬೋರ್ಡಿನ ಅಕ್ಷರ ಸಮೇತ, ಗೋಡೆಯ ಪೇಂಟ್ ಸಮೇತ ಬರೆದರು. ಗಡಿಯಾರ ರಿಪೇರಿ ಮಾಡುವವನ ಸಣ್ಣ ಅಂಗಡಿಗೆ ಗುಡಿಗೆ ಕೊಡುವಷ್ಟು ಗಮನ ಕೊಟ್ಟರು. ಆ ಮನುಷ್ಯರ ಮುಖದಲ್ಲಿ ಒಂದು ಒಂಟಿತನ ಇದೆ. ಅದಕ್ಕೆ ಕಾರಣವನ್ನು ಚಿತ್ರ ಹೇಳೋದಿಲ್ಲ. ಹತ್ತು ವರ್ಷ ಆದಮೇಲೆ ಬಂದ ಚಿತ್ರಗಳನ್ನು ಪಕ್ಕಕ್ಕೆ ಇಟ್ಟು ನೋಡಿದರೆ ನನಗೆ ಏನೋ ಹೊಳೆಯುತ್ತದೆ. ತನ್ನ ಒಳಗಿನದನ್ನು ಹೇಳಲಾಗದ ಮನುಷ್ಯ ಇನ್ನೊಬ್ಬರ ಒಳಗಿನದನ್ನು ಇಷ್ಟು ಹತ್ತಿರದಿಂದ ನೋಡುತ್ತಿದ್ದ ಅನ್ನಿಸುತ್ತದೆ. ಇದು ನನ್ನ ಓದು. ನೀವು ಒಪ್ಪಬೇಕಾಗಿಲ್ಲ.

1979ರಲ್ಲಿ ಅವರು ಇಂಗ್ಲೆಂಡಿಗೆ ಹೋದರು. ಚಿತ್ರಗಾರ ಹೊವರ್ಡ್ ಹಾಜ್‌ಕಿನ್ ಅಲ್ಲಿ ಅವರ ಗೆಳೆಯ. ಅಲ್ಲಿ ಗಂಡಸರಿಬ್ಬರು ಜೊತೆಯಾಗಿ ಮನೆ ಮಾಡಿಕೊಂಡು ಇರೋದನ್ನ ಕಂಡರು. 1980ರಲ್ಲಿ ತಾಯಿ ತೀರಿಕೊಂಡರು. 1981ರಲ್ಲಿ ‘ಯು ಕಾಂಟ್ ಪ್ಲೀಸ್ ಆಲ್’ ಬಂತು, ಎಲ್ಲರನ್ನೂ ಮೆಚ್ಚಿಸಲಾಗದು ಅಂತ ಅರ್ಥ. ತಾನು ಗೇ ಅನ್ನೋದನ್ನ ಅವರು ಚಿತ್ರದಲ್ಲಿ ಬಿಚ್ಚಿಟ್ಟದ್ದು ಅದರಲ್ಲೇ. ನೀವು ಮನೆಯಲ್ಲಿ ಗೊತ್ತಿಲ್ಲ ಅಂತ ಬರೆದಿದ್ದೀರಲ್ಲ, ಆ ಸಾಲು ಓದಿದಾಗ ನನಗೆ ನೆನಪಾಗಿದ್ದು ಈ ಮೂರು ವರ್ಷಗಳು. ಆಗ ಖಕ್ಕರ್‌ಗೆ ನಲವತ್ತೇಳು ವರ್ಷ. ನಿಮಗೆ ಅವಸರ ಇಲ್ಲ.

ಆ ಚಿತ್ರ ಈಗ ಲಂಡನ್ನಿನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿದೆ. 2016ರಲ್ಲಿ ಟೇಟ್ ಮಾಡರ್ನ್‌ನಲ್ಲಿ ನಡೆದ ಖಕ್ಕರ್ ಪ್ರದರ್ಶನಕ್ಕೂ ಅದರ ಹೆಸರನ್ನೇ ಇಟ್ಟರು. ಚಿತ್ರದಲ್ಲಿ ಒಬ್ಬ ಗಂಡಸು ಬಾಲ್ಕನಿಯಲ್ಲಿ ನಿಂತಿದ್ದಾನೆ. ಬೆನ್ನು ನಮ್ಮ ಕಡೆಗೆ. ಮೈಮೇಲೆ ಬಟ್ಟೆ ಇಲ್ಲ. ಕೆಳಗೆ ಊರು. ಊರಿನಲ್ಲಿ ನಮಗೆಲ್ಲ ಗೊತ್ತಿರುವ ಆ ಕಥೆ ನಡೆಯುತ್ತಿದೆ. ಅಪ್ಪ, ಮಗ, ಕತ್ತೆ. ಅಪ್ಪ ಹತ್ತಿದರೆ ಮಗನನ್ನ ನಡೆಸ್ತಾನೆ ಅಂತಾರೆ. ಮಗ ಹತ್ತಿದರೆ ಅಪ್ಪನನ್ನ ನಡೆಸ್ತಾನೆ ಅಂತಾರೆ. ಇಬ್ಬರೂ ಹತ್ತಿದರೆ ಕತ್ತೆಯ ಪಾಡು ನೋಡಿ ಅಂತಾರೆ. ಅವರೇ ಮೂವರು ಒಂದೇ ಚಿತ್ರದಲ್ಲಿ ಮತ್ತೆ ಮತ್ತೆ ಬರುತ್ತಾರೆ. ಸುತ್ತ ಜನ ತಮ್ಮ ತಮ್ಮ ಕೆಲಸದಲ್ಲಿದ್ದಾರೆ. ಯಾರೂ ಬಾಲ್ಕನಿ ಕಡೆ ನೋಡುತ್ತಿಲ್ಲ.

ಈಗ ನಿಮ್ಮ ಪರ್‌ಸ್ಪೆಕ್ಟಿವ್ ಪ್ರಶ್ನೆಗೆ ವಾಪಸ್ ಬನ್ನಿ. ಈ ಚಿತ್ರವನ್ನ ಕಣ್ಣಿನ ಅಳತೆಗೆ ಸರಿಯಾಗಿ ಬರೆದಿದ್ದರೆ ಏನಾಗುತ್ತಿತ್ತು? ಬಾಲ್ಕನಿಯ ಮನುಷ್ಯ ಪೂರ್ತಿ ಕಾಣುತ್ತಿದ್ದ, ದೂರದ ಕತ್ತೆ ಒಂದು ಚುಕ್ಕಿ ಆಗುತ್ತಿತ್ತು. ಊರಿನ ಮಾತಿಗೂ ಅವನ ಬೆತ್ತಲೆ ಬೆನ್ನಿಗೂ ಇರುವ ನಂಟು ಕಡಿದುಹೋಗುತ್ತಿತ್ತು. ಚಿಕ್ಕ ಊರಲ್ಲಿ ಗುಟ್ಟು ಇಟ್ಟುಕೊಂಡು ಬದುಕಿದವರಿಗೆ ಇದು ಗೊತ್ತು. ಊರು ಯಾವತ್ತೂ ದೂರ ಇರೋದಿಲ್ಲ. ಕದ ಹಾಕಿಕೊಂಡರೂ ಅದು ಕೋಣೆಯ ಒಳಗೇ ಇರುತ್ತದೆ. ಖಕ್ಕರ್ ಬರೆದದ್ದು ಆ ನಿಜವನ್ನ. ಕ್ಯಾಮೆರಾಕ್ಕೆ ಸಿಗದ ನಿಜ ಅದು.

1982ರ ‘ಟು ಮೆನ್ ಇನ್ ಬನಾರಸ್’ ಇನ್ನೂ ನೇರ. ಒಂದು ಬದಿಯಲ್ಲಿ ಇಬ್ಬರು ಗಂಡಸರು ಬೆತ್ತಲೆಯಾಗಿ ತಬ್ಬಿಕೊಂಡು ನಿಂತಿದ್ದಾರೆ. ಉಳಿದ ಜಾಗದಲ್ಲಿ ಕಾಶಿ. ಸಾಧುಗಳು, ಪೂಜೆ, ಬಡವರು, ದಿನನಿತ್ಯದ ಓಡಾಟ, ಎಲ್ಲ ಚಿಕ್ಕ ಚಿಕ್ಕದಾಗಿ. ನಾನು ಪಾಠ ಮಾಡುತ್ತಿದ್ದಾಗ ಈ ಚಿತ್ರವನ್ನ ಪರದೆ ಮೇಲೆ ತೋರಿಸುತ್ತಿದ್ದೆ. ಪ್ರತಿ ವರ್ಷ ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು ಬರೋದು. ಒಂದು ಕಡೆ ಅತಿಥಿ ಉಪನ್ಯಾಸಕ್ಕೆ ಕರೆದವರು, ದಯವಿಟ್ಟು ಈ ಒಂದು ಸ್ಲೈಡ್ ಬೇಡ ಅಂತ ಹೇಳಿದ್ದರು. ಅವತ್ತು ಒಪ್ಪಿಕೊಂಡೆ. ಒಪ್ಪಬಾರದಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ.

ನಗು ಬಂದಾಗ ನಾನು ಬೈಯುತ್ತಿರಲಿಲ್ಲ. ಒಂದು ರಟ್ಟು ತೆಗೆದುಕೊಂಡು ಪ್ರೊಜೆಕ್ಟರ್ ಮುಂದೆ ಹಿಡಿದು ಆ ಇಬ್ಬರನ್ನು ಮುಚ್ಚಿಬಿಡುತ್ತಿದ್ದೆ. ಐದು ನಿಮಿಷ ಉಳಿದ ಭಾಗ ಮಾತ್ರ ನೋಡಿ, ಏನೇನಿದೆ ಬರೀರಿ ಅಂತಿದ್ದೆ. ಮಕ್ಕಳು ಬರೆಯೋರು. ಆಮೇಲೆ ರಟ್ಟು ಸರಿಸುತ್ತಿದ್ದೆ. ಒಂದು ವರ್ಷ ಒಬ್ಬ ಹುಡುಗಿ ಎದ್ದು ನಿಂತು, ಸಾರ್, ಎಲ್ಲರನ್ನೂ ಒಂದೇ ಥರ ಬರೆದಿದ್ದಾರೆ ಅಂದಳು. ಅಷ್ಟೇ ಅಂದು ಕೂತಳು. ನನ್ನ ಅಷ್ಟು ವರ್ಷದ ಪಾಠಕ್ಕಿಂತ ಆ ಮಾತು ದೊಡ್ಡದು. ಪೂಜೆ ಮಾಡುವವನ ಮೈಗೆ ಎಷ್ಟು ಜೋಪಾನವಾಗಿ ಬಣ್ಣ ಹಚ್ಚಿದ್ದಾರೋ, ತಬ್ಬಿಕೊಂಡವರ ಮೈಗೂ ಅಷ್ಟೇ ಜೋಪಾನ. ಇವರನ್ನು ಎತ್ತಿ ಹಿಡಿದಿಲ್ಲ, ಅವರನ್ನು ಕೆಳಗಿಳಿಸಿಲ್ಲ. ನಿಮ್ಮ ‘ಘೋಷಣೆ’ ಪ್ರಶ್ನೆಗೆ ನನ್ನ ಹತ್ತಿರ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಘೋಷಣೆಯಲ್ಲಿ ಒಂದೇ ಮಾತು ಗಟ್ಟಿಯಾಗಿ ಕೇಳುತ್ತದೆ, ಉಳಿದದ್ದೆಲ್ಲ ಮಸುಕು. ಇಲ್ಲಿ ಯಾವುದೂ ಮಸುಕಾಗಿಲ್ಲ.

ಈ ಚಿತ್ರ 2019ರಲ್ಲಿ ಲಂಡನ್ನಿನ ಹರಾಜಿನಲ್ಲಿ 25 ಲಕ್ಷ ಪೌಂಡಿಗೂ ಹೆಚ್ಚಿಗೆ ಹೋಯಿತು. ಬೆಲೆಯಿಂದ ಚಿತ್ರ ದೊಡ್ಡದಾಗಲ್ಲ, ಬಿಡಿ. ಆದರೆ ವರ್ಷಗಳನ್ನು ಲೆಕ್ಕ ಹಾಕಿ. ಅದನ್ನು ಬರೆದಾಗ ಈ ದೇಶದಲ್ಲಿ ಅದರೊಳಗಿನ ಪ್ರೀತಿ ಅಪರಾಧ ಆಗಿತ್ತು. 1860ರ ದಂಡಸಂಹಿತೆಯ 377ನೇ ಕಲಂ ಹಾಗೆ ಹೇಳುತ್ತಿತ್ತು. 2009ರಲ್ಲಿ ದೆಹಲಿ ಹೈಕೋರ್ಟ್ ಅದರ ಹಿಡಿತ ಸಡಿಲಿಸಿತು. 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಬಿಗಿ ಮಾಡಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಒಪ್ಪಿ ಕೂಡಿದರೆ ಅಪರಾಧ ಅಲ್ಲ ಅಂತ ಅದೇ ಕೋರ್ಟ್ ಹೇಳಿತು. ಖಕ್ಕರ್ ತೀರಿಕೊಂಡದ್ದು 2003ರಲ್ಲಿ. ಚಿತ್ರ ಮೂವತ್ತಾರು ವರ್ಷ ಕಾಯಿತು. ಬರೆದವರು ಆ ದಿನ ನೋಡಲಿಲ್ಲ.

‘ಖಾಸಗಿ ಬದುಕನ್ನು ಯಾಕೆ ಗೋಡೆಗೆ ಹಾಕಬೇಕು’ ಅನ್ನೋ ಮಾತು ನಿಮಗೂ ಕೇಳಿಬಂದಿರುತ್ತದೆ. ಹಾಗೆ ಕೇಳುವವರ ಮನೆಯ ಹಾಲಿನಲ್ಲಿ ಸಾಮಾನ್ಯವಾಗಿ ಮದುವೆ ಫೋಟೋ ಇರುತ್ತದೆ. ಗಂಡ ಹೆಂಡತಿಯ ಚಿತ್ರಗಳಿಂದ ಜಗತ್ತಿನ ಮ್ಯೂಸಿಯಂಗಳು ತುಂಬಿವೆ. ಅದನ್ನು ಯಾರೂ ಖಾಸಗಿ ಅನ್ನಲ್ಲ. ಇಂಗ್ಲೆಂಡಿನ ಡೇವಿಡ್ ಹಾಕ್ನಿ ಇದನ್ನು ಸರಿಯಾಗಿ ಹಿಡಿದರು. 1968ರಲ್ಲಿ ಅವರು ಬರಹಗಾರ ಕ್ರಿಸ್ಟಫರ್ ಇಷರ್‌ವುಡ್ ಮತ್ತು ಅವರ ಸಂಗಾತಿ, ಚಿತ್ರಗಾರ ಡಾನ್ ಬಕಾರ್ಡಿಯ ಜೋಡಿ ಚಿತ್ರ ಬರೆದರು. ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲ. ಇಬ್ಬರೂ ಒಂದೊಂದು ಕುರ್ಚಿಯಲ್ಲಿ. ಮುಂದೆ ಮೇಜು, ಅದರ ಮೇಲೆ ಅಂದವಾಗಿ ಜೋಡಿಸಿದ ಪುಸ್ತಕಗಳು, ಒಂದು ಹಣ್ಣಿನ ಬಟ್ಟಲು. ಮುಟ್ಟೋದಿಲ್ಲ, ತಬ್ಬೋದಿಲ್ಲ. ಬಕಾರ್ಡಿ ನಮ್ಮ ಕಡೆ ನೋಡುತ್ತಿದ್ದಾರೆ. ಇಷರ್‌ವುಡ್ ತಲೆ ತಿರುಗಿಸಿ ಬಕಾರ್ಡಿಯನ್ನ ನೋಡುತ್ತಿದ್ದಾರೆ. ಆ ಹೊತ್ತಿಗೆ ಅವರು ಜೊತೆಯಾಗಿ ಹದಿನೈದು ವರ್ಷ ಆಗಿತ್ತು. ಆ ಒಂದು ನೋಟದಲ್ಲಿ ಹದಿನೈದು ವರ್ಷ ಇದೆ. ಹಾಕ್ನಿಯ ನಾಡಿನಲ್ಲಿ ಕಾನೂನು ಸಡಿಲಾಗಿ ಆಗ ಒಂದೇ ವರ್ಷ ಆಗಿತ್ತು.

ಇಲ್ಲಿ ನಮ್ಮ ಭಾಷೆಯ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಪತ್ರಿಕೆಗಳು ಬಹಳ ಕಾಲ ‘ಸಲಿಂಗಕಾಮ’ ಅಂತಲೇ ಬರೆದವು. ನಾನೂ ಬರೆದೆ. ಆ ಪದದಲ್ಲಿ ಕಾಮ ಬಿಟ್ಟರೆ ಇನ್ನೇನೂ ಇಲ್ಲ. ಗಂಡ ಹೆಂಡತಿಯ ಸಂಸಾರಕ್ಕೆ ಯಾರಾದರೂ ಬರೀ ಕಾಮ ಅಂತ ಹೆಸರಿಡುತ್ತಾರಾ? ಇಷರ್‌ವುಡ್ ಮನೆಯ ಪುಸ್ತಕದ ರಾಶಿ, ನಿಮ್ಮ ಸ್ಕೆಚ್ಚಿನ ಇಸ್ತ್ರಿಪೆಟ್ಟಿಗೆ, ಇವೆಲ್ಲ ಆ ಪದದೊಳಗೆ ಹಿಡಿಸೋದಿಲ್ಲ. ಈಗ ಸಲಿಂಗಪ್ರೇಮ, ಗೇ, ಕ್ವೀರ್ ಅಂತೆಲ್ಲ ಬಳಸುತ್ತಾರೆ. ನೀವು ನಿಮ್ಮನ್ನು ಹೇಗೆ ಕರೆದುಕೊಳ್ಳುತ್ತೀರೋ ನನಗೂ ಅದೇ ಸರಿ. ಪದ ತಲುಪದ ಕಡೆ ಚಿತ್ರ ತಲುಪಬಲ್ಲದು, ಅದಕ್ಕೇ ಹೇಳಿದೆ.

ಮುಚ್ಚಿಟ್ಟು ಹೇಳುವ ದಾರಿಯೂ ಒಂದಿದೆ. ಅದನ್ನೂ ಕೀಳಾಗಿ ನೋಡಬೇಡಿ. ಅಮೆರಿಕದ ಪಾಲ್ ಕ್ಯಾಡ್ಮಸ್ 1934ರಲ್ಲಿ ‘ದ ಫ್ಲೀಟ್ಸ್ ಇನ್’ ಅಂತ ಒಂದು ಚಿತ್ರ ಬರೆದ. ರಜೆ ಸಿಕ್ಕ ನೌಕಾಪಡೆಯ ಹುಡುಗರು ಕುಡಿದು ಹೆಂಗಸರ ಜೊತೆ ಗಲಾಟೆ ಮಾಡುತ್ತಿದ್ದಾರೆ. ಇವನು ಅಂಗಾಂಗದ ಅಳತೆಯಲ್ಲಿ ಗಟ್ಟಿಗ, ನಿಮಗೆ ಇಷ್ಟವಾಗುತ್ತದೆ. ಚಿತ್ರದ ಅಂಚಿನಲ್ಲಿ ಸೂಟು ಹಾಕಿದ ಒಬ್ಬ ಗಂಡಸು ಒಬ್ಬ ನಾವಿಕನಿಗೆ ಸಿಗರೇಟು ಕೊಡುತ್ತಿದ್ದಾನೆ. ಅವನ ಟೈ ಕೆಂಪು. ಆ ಕಾಲದ ಅಲ್ಲಿನ ಗೇ ಗಂಡಸರಲ್ಲಿ ಕೆಂಪು ಟೈ ಒಂದು ಗುರುತು. ಗೊತ್ತಿದ್ದವರಿಗೆ ಗೊತ್ತಾಗುತ್ತಿತ್ತು. ನಿವೃತ್ತ ಅಡ್ಮಿರಲ್ ಒಬ್ಬರು ಸಿಟ್ಟಾಗಿ ಪತ್ರ ಬರೆದರು. ವಾಷಿಂಗ್ಟನ್ನಿನ ಪ್ರದರ್ಶನದಿಂದ ಚಿತ್ರವನ್ನ ಇಳಿಸಿದರು. ಆಮೇಲೆ ದಶಕಗಳ ಕಾಲ ಜನ ಅದನ್ನು ನೋಡಲು ಆಗಲೇ ಇಲ್ಲ. ಆದರೆ ಗಲಾಟೆಯಿಂದ ಪತ್ರಿಕೆಗಳಲ್ಲೆಲ್ಲ ಅದರ ಫೋಟೋ ಬಂತು, ಕ್ಯಾಡ್ಮಸ್ ಹೆಸರು ಊರೆಲ್ಲ ಆಯಿತು. ಇಡೀ ಚಿತ್ರದಲ್ಲಿ ನನಗೆ ಇಷ್ಟವಾದದ್ದು ಸಿಗರೇಟು ದಾಟುವ ಆ ಎರಡು ಕೈಗಳು. ಒಂದು ಬೆರಳಿನ ಅಂತರ. ಅಷ್ಟರಲ್ಲೇ ಎಲ್ಲ ಇದೆ.

ಪ್ಯಾಟ್ರಿಕ್ ಆಂಗಸ್ ಹೆಸರನ್ನೂ ಬರೆದಿಟ್ಟುಕೊಳ್ಳಿ. 1980ರ ದಶಕದ ನ್ಯೂಯಾರ್ಕಿನ ಗೇ ಥಿಯೇಟರುಗಳಲ್ಲಿ ಕತ್ತಲಲ್ಲಿ ಒಂಟಿಯಾಗಿ ಕೂತ ಗಂಡಸರನ್ನು ಬರೆದವನು. ವೇದಿಕೆಯ ಮೇಲೆ ಬೆಳಕು, ಸೀಟುಗಳಲ್ಲಿ ಬರೀ ಕಾಯುವಿಕೆ. ಏಡ್ಸ್‌ನಿಂದ 1992ರಲ್ಲಿ ತೀರಿಕೊಂಡಾಗ ಮೂವತ್ತೆಂಟು ವರ್ಷ.

ಈಗಿನವರಲ್ಲಿ ನೀವು ನೋಡಲೇಬೇಕಾದವರು ಸಲ್ಮಾನ್ ತೂರ್. 1983ರಲ್ಲಿ ಲಾಹೋರ್‌ನಲ್ಲಿ ಹುಟ್ಟಿದವರು, ಈಗ ನ್ಯೂಯಾರ್ಕಿನಲ್ಲಿದ್ದಾರೆ. ಅವರ ಹುಟ್ಟೂರಲ್ಲಿ 1860ರ ಅದೇ 377 ಇವತ್ತಿಗೂ ಕಾನೂನಿನ ಪುಸ್ತಕದಲ್ಲಿದೆ. 2020ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಅವರ ಪ್ರದರ್ಶನ ಆಯಿತು. ಕಂದು ಮೈಬಣ್ಣದ ತೆಳ್ಳಗಿನ ಹುಡುಗರು. ಬಾರಿನಲ್ಲಿ, ಗೆಳೆಯರ ಸಣ್ಣ ಮನೆಯಲ್ಲಿ ಕುಣಿಯುತ್ತಾ, ಹಾಸಿಗೆಯಲ್ಲಿ ಮಲಗಿ ಫೋನಿನಲ್ಲಿ ತಮ್ಮದೇ ಫೋಟೋ ತೆಗೆದುಕೊಳ್ಳುತ್ತಾ. ಬಹಳ ಚಿತ್ರಗಳ ಮೇಲೆ ಒಂದು ಹಸಿರು ಬೆಳಕು ಹರಡಿರುತ್ತದೆ. ‘ದ ಬಾರ್ ಆನ್ ಈಸ್ಟ್ ಥರ್ಟೀಂತ್’ ಅನ್ನೋ 2019ರ ಚಿತ್ರ, ಫ್ರಾನ್ಸಿನ ಚಿತ್ರಗಾರ ಮಾನೆ 1882ರಲ್ಲಿ ಬರೆದ ಬಾರಿನ ಹುಡುಗಿಯ ಚಿತ್ರವನ್ನು ಎದುರಿಗಿಟ್ಟುಕೊಂಡು ಮಾಡಿದ್ದು. ಅಲ್ಲಿ ಹುಡುಗಿ ನಿಂತ ಜಾಗದಲ್ಲಿ ಇಲ್ಲಿ ಹುಡುಗ.

ಒಂದು ಚಿತ್ರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ‘ಮ್ಯಾನ್ ವಿತ್ ಫೇಸ್ ಕ್ರೀಮ್ಸ್ ಅಂಡ್ ಫೋನ್ ಪ್ಲಗ್’, ಅದೂ 2019ರದ್ದೇ. ಒಬ್ಬ ಯುವಕ, ಅವನ ಮುಂದೆ ಅವನ ಸಾಮಾನು ಹರಡಿದೆ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬ್ಯಾಗು ಬಿಚ್ಚಿಸಿದ ಹಾಗೆ. ಮುಖಕ್ಕೆ ಹಚ್ಚುವ ಕ್ರೀಮು, ಚಾರ್ಜರ್. ಅಷ್ಟೇ. ಆದರೆ ನೋಡಿದ ತಕ್ಷಣ ಹೊಟ್ಟೆಯಲ್ಲಿ ಏನೋ ಕಲಕುತ್ತದೆ. ಇವನ ಒಂದೊಂದು ಸಾಮಾನೂ ಇವನ ಗುಟ್ಟು ಹೇಳಿಬಿಡಬಹುದು. ಗುಟ್ಟು ಇಟ್ಟುಕೊಂಡವನಿಗೆ ಕ್ರೀಮಿನ ಡಬ್ಬಿ ಕೂಡ ಬರೀ ಡಬ್ಬಿ ಅಲ್ಲ. ನಿಮಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ತೂರ್ ಹೆಸರು ಎತ್ತಿದ್ದಕ್ಕೆ ಇನ್ನೊಂದು ಕಾರಣ ಇದೆ. ಇವರು ಶುರುವಿನಲ್ಲಿ ವರ್ಷಗಟ್ಟಲೆ ಯುರೋಪಿನ ಹಳೆಯ ಗುರುಗಳ ಹಾಗೆ ಬರೆಯಲು ಕಲಿತವರು. ಕೈ ಪಳಗಿಸಿಕೊಂಡು ಆಮೇಲೆ ಸಡಿಲ ಬಿಟ್ಟರು. ಈಗ ಅವರ ಹುಡುಗರ ಮೂಗು ಉದ್ದ, ಕೈಕಾಲು ಸೊಟ್ಟ. ಅದು ಬೇಕಂತಲೇ. ಖಕ್ಕರ್ ಒಂದು ದಾರಿಯಿಂದ ಬಂದರು, ಇವರು ಇನ್ನೊಂದರಿಂದ. ಆದ್ದರಿಂದ ಅಳತೆ ಕಲಿಯೋದನ್ನ ಬಿಡಿ ಅಂತ ನಾನು ಹೇಳ್ತಾ ಇಲ್ಲ. ಮಾಡೆಲ್ ಕೂರಿಸಿ ಬಿಡಿಸೋ ಕ್ಲಾಸ್ ಒಂದೂ ತಪ್ಪಿಸಬೇಡಿ. ಮೊಣಕಾಲು ಹೇಗೆ ಮಡಚುತ್ತದೆ ಅಂತ ಗೊತ್ತಿದ್ದರೆ, ಎಲ್ಲಿ ಅದನ್ನು ಮರೆಯಬಹುದು ಅನ್ನೋದೂ ಗೊತ್ತಾಗುತ್ತದೆ. ‘ಮೊದಲು ಅನಾಟಮಿ, ಆಮೇಲೆ ನಿನ್ನ ಬದುಕು’ ಅಂತ ಯಾರಾದರೂ ಹೇಳಿದರೆ ಮಾತ್ರ ಕೇಳಬೇಡಿ. ಎರಡನ್ನೂ ಒಂದೇ ದಿನ ಮಾಡಿ.

ಹಣೆಪಟ್ಟಿ ಬೀಳುತ್ತಾ? ಬೀಳುತ್ತದೆ. ಸುಳ್ಳು ಸಮಾಧಾನ ಹೇಳಲಾರೆ. ಖಕ್ಕರ್ ಗಡಿಯಾರದಂಗಡಿ ಬರೆದರು, ಕಾರ್ಖಾನೆ ಮುಷ್ಕರ ಬರೆದರು, ಸಲ್ಮಾನ್ ರಶ್ದಿಯ ಚಿತ್ರ ಬರೆದರು. ಅದು ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. 1984ರಲ್ಲಿ ಪದ್ಮಶ್ರೀ ಬಂತು. ಗುಜರಾತಿಯಲ್ಲಿ ಕಥೆ, ನಾಟಕ ಬರೆದರು. ಇಷ್ಟೆಲ್ಲ ಆದರೂ ಲೇಖನ ಶುರುವಾಗೋದು ಆ ಒಂದು ಪದದಿಂದಲೇ. ನಾನು ಕೂಡ ಈಗ ಅದನ್ನೇ ಮಾಡುತ್ತಿದ್ದೇನೆ. ಅದನ್ನು ತಡೆಯೋದು ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲಿರೋದು ಚಿತ್ರದೊಳಗೆ ಎಷ್ಟು ಜಗತ್ತು ತುಂಬುತ್ತೀರಿ ಅನ್ನೋದು. ಖಕ್ಕರ್ ಬರೆದ ಗಂಡಸರು ಚಂದದ ಹುಡುಗರಲ್ಲ ಅನ್ನೋದನ್ನ ಗಮನಿಸಿದಿರಾ? ನೆರೆತ ಕೂದಲು, ಬೊಜ್ಜು, ಜೋತ ಚರ್ಮ. 1987ರಲ್ಲಿ ಯಯಾತಿಯ ಕಥೆ ಎತ್ತಿಕೊಂಡರು. ಮಗನ ಯೌವನ ಬೇಡಿ ಪಡೆದ ಮುದುಕನ ಕಥೆ ನಿಮಗೆ ಗೊತ್ತೇ ಇದೆ. ಅದರಲ್ಲಿ ಮುಪ್ಪಿನ ಆಸೆಯನ್ನು ಮುಚ್ಚುಮರೆ ಇಲ್ಲದೆ ಬರೆದರು. ಕೊನೆಗೆ ಕ್ಯಾನ್ಸರ್ ಬಂತು. ಆಗ ಕಾಯಿಲೆಯ ಮೈಯನ್ನೂ ಬರೆದರು. 2001ರ ‘ಬುಲೆಟ್ ಶಾಟ್ ಇನ್ ದ ಸ್ಟಮಕ್’ ನೋಡಿ. ನೋಡೋದು ಕಷ್ಟ, ಆದರೂ ನೋಡಿ. ಪ್ರೀತಿಸಿದ ಮೈ, ನೊಂದ ಮೈ, ಎರಡೂ ಒಂದೇ ಅಂತ ಅಲ್ಲಿ ಗೊತ್ತಾಗುತ್ತದೆ.

ನೀವು ಕೇಳದೇ ಇರುವ ಒಂದು ವಿಷಯ ಹೇಳಲೇಬೇಕು. ನಿಮ್ಮ ಸ್ಕೆಚ್ಚಿನಲ್ಲಿ ಇಸ್ತ್ರಿ ಹಾಕುವ ಹುಡುಗನ ಮುಖ ಬಹಳ ಸ್ಪಷ್ಟವಾಗಿದೆ. ಅವನು ನಿಜವಾದ ಮನುಷ್ಯನಾದರೆ, ಅವನನ್ನು ಕೇಳಿದ್ದೀರಾ? ನಿಮ್ಮ ಗುಟ್ಟು ನಿಮ್ಮದು, ಅದನ್ನು ಯಾವಾಗ ಬಿಚ್ಚಬೇಕು ಅನ್ನೋದು ನಿಮಗೆ ಬಿಟ್ಟಿದ್ದು. ಅವನ ಗುಟ್ಟು ಅವನದು. ಇವತ್ತು ಚಿತ್ರವೊಂದು ಗೋಡೆ ಮೇಲೆ ಇರೋದಿಲ್ಲ, ಫೋನಿನಿಂದ ಫೋನಿಗೆ ಹೋಗುತ್ತದೆ. ಅವನ ಮನೆಗೂ ಹೋಗಬಹುದು. ಕಾನೂನು ಬದಲಾದ ಮಾತ್ರಕ್ಕೆ ಮನೆ ಬದಲಾಗಿರೋದಿಲ್ಲ ಅಲ್ವಾ? ಅವನು ಹೂಂ ಅಂದರೆ ಸರಿ. ಬೇಡ ಅಂದರೆ ಮುಖ ಬದಲಾಯಿಸಿ. ಒಬ್ಬನ ಕಣ್ಣು, ಇನ್ನೊಬ್ಬನ ಗಲ್ಲ, ಮೂರನೆಯವನ ಕೂದಲು. ತೂರ್ ಅವರ ಹುಡುಗರೂ ಕಲ್ಪನೆಯವರೇ, ಎದುರಿಗೆ ಕೂರಿಸಿ ಬರೆದವರಲ್ಲ. ಅದರಿಂದ ಆ ಚಿತ್ರಗಳ ನಿಜ ಒಂದು ಗುಲಗಂಜಿಯಷ್ಟೂ ಕಡಿಮೆ ಆಗಿಲ್ಲ. ಕೋಣೆ ನಿಜ ಇರಲಿ, ಬೆಳಕು ನಿಜ ಇರಲಿ, ಅವನು ಕೂತ ಭಂಗಿ ನಿಜ ಇರಲಿ. ಮುಖವನ್ನ ಕಾಪಾಡಿ.

ಇನ್ನು ಸ್ಕೆಚ್. ಇಬ್ಬರ ನಡುವೆ ನೀವು ಬಿಟ್ಟ ಖಾಲಿ ಜಾಗ ತುಂಬ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ಇಸ್ತ್ರಿಪೆಟ್ಟಿಗೆ ಹಿಡಿದ ಕೈ ಗಟ್ಟಿಯಾಗಿ ಬಂದಿದೆ. ಶರ್ಟಿನ ಕಾಲರ್ ಹತ್ತಿರ ಪೆಟ್ಟಿಗೆಯನ್ನ ಓರೆ ಮಾಡಿದ್ದೀರಲ್ಲ, ಅದನ್ನು ಇಸ್ತ್ರಿ ಹಾಕಿದವರು ಮಾತ್ರ ಹಾಗೆ ಬರೆಯೋಕೆ ಸಾಧ್ಯ. ಆ ಶರ್ಟು ಯಾರದು ಅನ್ನೋದು ನನಗೆ ಗೊತ್ತಾಗಲಿಲ್ಲ. ಮಂಚದ ಮೇಲೆ ಕೂತವನ ಮೈಮೇಲೆ ಬನಿಯನ್ ಮಾತ್ರ ಇದೆ. ಹಾಗಾದರೆ ಅದು ಅವನ ಶರ್ಟಾ? ಅವನು ಹೊರಡುವವನಾ? ಚಿತ್ರ ಅದನ್ನು ಇನ್ನೂ ಒಂದು ಚೂರು ಹೇಳಬಹುದು, ಶರ್ಟಿಗೆ ಅವನ ಅಳತೆ ಕೊಟ್ಟು ನೋಡಿ. ಇನ್ನೊಂದು ವಿಷಯ. ಎರಡು ಮೈಗಳನ್ನು ಇಷ್ಟು ಪ್ರೀತಿಯಿಂದ ಬಿಡಿಸಿ ಕೋಣೆಯನ್ನ ನಾಲ್ಕು ಗೆರೆಯಲ್ಲಿ ಮುಗಿಸಿದ್ದೀರಿ. ಇಸ್ತ್ರಿಪೆಟ್ಟಿಗೆಯ ವೈರು ಎಲ್ಲಿಗೆ ಹೋಗುತ್ತದೆ? ಪ್ಲಗ್ ಎಲ್ಲಿದೆ? ಮಂಚದ ಕೆಳಗೆ ಬರೀ ಬಿಳಿ ಬಿಟ್ಟಿದ್ದೀರಿ. ಅಲ್ಲಿ ಚಪ್ಪಲಿ ಇತ್ತಾ, ಸೂಟ್‌ಕೇಸ್ ಇತ್ತಾ, ಒಂದು ಜೊತೆಯಾ ಎರಡು ಜೊತೆಯಾ? ಅದನ್ನು ಬಿಡಿಸಿ ಮತ್ತೆ ಕಳಿಸಿ. ನಾನು ಕಾಯುತ್ತಿರುತ್ತೇನೆ.